ಚಹಾ, ಸಾವಧಾನ ಮತ್ತು ನೆನಪು

ಕನ್ನಡದಲ್ಲಿ ‘ಸಾವಧಾನ’ ಎಂಬ ಪದಕ್ಕೆ ಒಂದು ವಿಚಿತ್ರ ಗತಿ ಒದಗಿದೆ. ಅದರ ಮೂಲ ಅರ್ಥ ಅವಧಾನದೊಂದಿಗೆ, ಅಂದರೆ ಲಕ್ಷ್ಯಗೊಟ್ಟು. ಅಷ್ಟಾವಧಾನ, ಶತಾವಧಾನ ಎನ್ನುವಾಗ ನಾವು ಆ ಅರ್ಥವನ್ನು ಇನ್ನೂ ಉಳಿಸಿಕೊಂಡಿದ್ದೇವೆ. ದಿನದ ಮಾತಿನಲ್ಲಿ ಹಾಗಿಲ್ಲ. ‘ಸಾವಧಾನವಾಗಿ ಬನ್ನಿ’ ಎಂದರೆ ‘ನಿಧಾನವಾಗಿ ಬನ್ನಿ’ ಎಂದಷ್ಟೇ. ಲಕ್ಷ್ಯ ಸೋರಿಹೋಗಿ ನಿಧಾನ ಮಾತ್ರ ಉಳಿದಿದೆ. ಮದುವೆಯ ಮಂಟಪ ಇದಕ್ಕೆ ಅಪವಾದ. ಅಂತರಪಟದ ಆಚೆ ಈಚೆ ವಧೂವರರು ನಿಂತಿರುವಾಗ ಪುರೋಹಿತರು ‘ಸಾವಧಾನ’ ಎಂದು ಕೂಗುವುದು ‘ಮುಹೂರ್ತ ಬಂತು, ಎಚ್ಚರವಾಗಿರಿ’ ಎಂಬ ಅರ್ಥದಲ್ಲಿ. ಸಮರ್ಥ ರಾಮದಾಸರ ಬಗ್ಗೆ ಪ್ರಚಲಿತವಾಗಿರುವ ಕಥೆಯಲ್ಲಿ, ತನ್ನ ಮದುವೆಯಲ್ಲೇ ಆ ಕೂಗು ಕೇಳಿದ ಹುಡುಗ ನಿಜಕ್ಕೂ ಎಚ್ಚೆತ್ತು ಮಂಟಪ ಬಿಟ್ಟು ಓಡಿಹೋಗುತ್ತಾನೆ. ಎಚ್ಚರ ಎಂದರೆ ಹಾಗೆ. ಅದು ಬಂದಮೇಲೆ ಮನುಷ್ಯ ಮೊದಲಿದ್ದ ಜಾಗದಲ್ಲಿ ಆರಾಮವಾಗಿ ನಿಲ್ಲಲಾರ.

ಬೌದ್ಧ ಚಹಾ ಧ್ಯಾನದ ಕುರಿತ ಬರಹಗಳನ್ನು ಓದುವಾಗಲೆಲ್ಲ ನನಗೆ ಈ ಪದದ ಗತಿ ಕಣ್ಣಮುಂದೆ ಬರುತ್ತದೆ. ಚಹಾ ಧ್ಯಾನ ಈಗ ಅಪರಿಚಿತ ಸಂಗತಿಯೇನಲ್ಲ. ವಾರಾಂತ್ಯದ ಶಿಬಿರಗಳಲ್ಲಿ, ಮೊಬೈಲ್ ಆ್ಯಪ್‌ಗಳಲ್ಲಿ, ಚಹಾ ಪೊಟ್ಟಣದ ಹಿಂಬದಿಯ ಸಾಲುಗಳಲ್ಲಿ ಅದು ಸಿಗುತ್ತದೆ. ಸೂಚನೆಗಳು ಹೆಚ್ಚು ಕಡಿಮೆ ಒಂದೇ: ನೀರು ಕಾಯುವ ಸದ್ದು ಕೇಳಿ, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿಯಿರಿ, ಬಿಸಿಯನ್ನು ಗಮನಿಸಿ, ಪರಿಮಳವನ್ನು ಗಮನಿಸಿ, ಒಂದು ಗುಟುಕು ಕುಡಿಯಿರಿ, ಅವಸರ ಬೇಡ. ಇದರಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. ನನ್ನ ಪ್ರಶ್ನೆ ಬೇರೆ. ಈ ಅಭ್ಯಾಸ ಯಾವ ಪಠ್ಯಗಳಿಂದ ನಮಗೆ ಬಂತೋ ಆ ಪಠ್ಯಗಳು ನಿಜವಾಗಿ ಏನು ಹೇಳುತ್ತಿವೆ? ಅವುಗಳ ‘ಸಾವಧಾನ’ವೂ ನಮ್ಮ ಕೈಗೆ ಬರುವಷ್ಟರಲ್ಲಿ ಬರೀ ‘ನಿಧಾನ’ವಾಗಿಬಿಟ್ಟಿದೆಯೇ? ಮೂರು ಪುಸ್ತಕಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ನೋಡಬಯಸುತ್ತೇನೆ: ವಿಯೆಟ್ನಾಮಿನ ಝೆನ್ ಗುರು ಥಿಚ್ ನಾಟ್ ಹಾನ್ ಅವರ ‘ದ ಮಿರಕಲ್ ಆಫ್ ಮೈಂಡ್‌ಫುಲ್‌ನೆಸ್’, ಒಕಕುರಾ ಕಾಕುಜೊ ಅವರ ‘ದ ಬುಕ್ ಆಫ್ ಟೀ’ ಮತ್ತು ಕವಾಬಾತಾ ಯಾಸುನಾರಿಯವರ ಕಾದಂಬರಿ ‘ಸಾವಿರ ಕೊಕ್ಕರೆಗಳು’.

ಮೊದಲು ಚಹಾ ಬೌದ್ಧರ ಕೈಗೆ ಹೇಗೆ ಬಂತು ಎಂಬುದನ್ನು ನೋಡೋಣ. ಬೋಧಿಧರ್ಮನ ಬಗ್ಗೆ ಪೂರ್ವ ಏಷ್ಯಾದಲ್ಲಿ ಒಂದು ದಂತಕಥೆ ಇದೆ. ಧ್ಯಾನಕ್ಕೆ ಕೂತ ಆತನಿಗೆ ತೂಕಡಿಕೆ ಬಂತಂತೆ. ಸಿಟ್ಟಿಗೆದ್ದು ತನ್ನ ರೆಪ್ಪೆಗಳನ್ನೇ ಕಿತ್ತೆಸೆದನಂತೆ. ಅವು ಬಿದ್ದಲ್ಲಿ ಚಹಾ ಗಿಡ ಹುಟ್ಟಿತಂತೆ. ಕಥೆ ಭೀಕರವಾಗಿದೆ, ಆದರೆ ಅದರ ತರ್ಕ ಸ್ಪಷ್ಟ: ಚಹಾ ಎಂದರೆ ಮುಚ್ಚಲಾಗದ ಕಣ್ಣು. ಇತಿಹಾಸವೂ ಇದನ್ನೇ ಸಾದಾ ಮಾತಿನಲ್ಲಿ ಹೇಳುತ್ತದೆ. ಚೀನಾದ ಮಠಗಳಲ್ಲಿ ಭಿಕ್ಷುಗಳು ದೀರ್ಘ ಧ್ಯಾನದಲ್ಲಿ ನಿದ್ದೆ ತಡೆಯಲು ಚಹಾ ಕುಡಿಯುತ್ತಿದ್ದರು. 1191ರಲ್ಲಿ ಚೀನಾದಿಂದ ಜಪಾನಿಗೆ ಮರಳಿದ ಐಸಾಯ್ ಎಂಬ ಭಿಕ್ಷು ಝೆನ್ ಜೊತೆಗೆ ಚಹಾವನ್ನೂ ಪ್ರಚಾರ ಮಾಡಿದ. 1211ರಲ್ಲಿ ಚಹಾದ ಆರೋಗ್ಯಗುಣಗಳನ್ನು ಕುರಿತು ಪುಸ್ತಕ ಬರೆದ. ಇಂದು ಚಹಾ ಧ್ಯಾನವನ್ನು ಮನಸ್ಸಿನ ವಿಶ್ರಾಂತಿಗೆಂದು ಶಿಫಾರಸು ಮಾಡುತ್ತಾರೆ. ಅದು ಮಠದೊಳಕ್ಕೆ ಬಂದದ್ದು ವಿಶ್ರಾಂತಿಯನ್ನು ತಡೆಯಲಿಕ್ಕೆ. ‘ಬುದ್ಧ’ ಎಂಬ ಪದಕ್ಕೂ ಎಚ್ಚೆತ್ತವನು ಎಂದೇ ಅರ್ಥವಲ್ಲವೆ?

ಚೀನಾದ ಝಾವೊಝೌ ಎಂಬ ಗುರುವಿನ ಒಂದು ಪ್ರಸಂಗ ಝೆನ್ ಓದಿದವರಿಗೆಲ್ಲ ಗೊತ್ತು. ಮಠಕ್ಕೆ ಬಂದ ಒಬ್ಬನನ್ನು ಆತ ಕೇಳುತ್ತಾನೆ, ಹಿಂದೆ ಇಲ್ಲಿಗೆ ಬಂದಿದ್ದೆಯಾ ಎಂದು. ಬಂದಿದ್ದೆ ಎನ್ನುತ್ತಾನೆ. ಹೋಗು, ಚಹಾ ಕುಡಿ. ಇನ್ನೊಬ್ಬ ಬಂದಿರಲಿಲ್ಲ ಎನ್ನುತ್ತಾನೆ. ಹೋಗು, ಚಹಾ ಕುಡಿ. ಇಬ್ಬರಿಗೂ ಒಂದೇ ಉತ್ತರ ಯಾಕೆ ಎಂದು ಮಠದ ವ್ಯವಸ್ಥಾಪಕ ಕೇಳಿದಾಗ ಗುರು ಅವನನ್ನು ಕರೆಯುತ್ತಾನೆ. ಅವನು ಓಗೊಡುತ್ತಾನೆ. ನೀನೂ ಹೋಗು, ಚಹಾ ಕುಡಿ. ಮನೆಗೆ ಬಂದ ಯಾರಿಗೇ ಆಗಲಿ ‘ಚಾ ಕುಡದ್ ಹೋಗ್ರಿ’ ಎನ್ನುವ ಉತ್ತರ ಕರ್ನಾಟಕದವರಿಗೆ ಈ ಮಾತಿನಲ್ಲಿ ಒಗಟೇ ಕಾಣಲಿಕ್ಕಿಲ್ಲ. ಒಗಟು ಇರುವುದು ಮೂರನೆಯ ಸಲದಲ್ಲಿ. ವ್ಯವಸ್ಥಾಪಕ ಇನ್ನೊಬ್ಬರ ಅನುಭವದ ಬಗ್ಗೆ ಸಿದ್ಧಾಂತ ಕೇಳುತ್ತಿದ್ದ. ಹೆಸರು ಹಿಡಿದು ಕರೆದಂತಾದಾಗ ಅವನು ಸಿಕ್ಕಿಬಿದ್ದ. ನೋಡುತ್ತ ನಿಂತವನನ್ನೂ ಆಟದೊಳಕ್ಕೆ ಎಳೆದುಕೊಳ್ಳುವ ಚಹಾ ಅದು.

ಈಗ ಮೊದಲ ಪುಸ್ತಕಕ್ಕೆ ಬರುತ್ತೇನೆ. ಚಹಾ ಧ್ಯಾನವನ್ನು ಜಗತ್ತಿಗೆಲ್ಲ ಪರಿಚಯಿಸಿದವರಲ್ಲಿ ಥಿಚ್ ನಾಟ್ ಹಾನ್ (1926–2022) ಪ್ರಮುಖರು. ದಕ್ಷಿಣ ಫ್ರಾನ್ಸಿನಲ್ಲಿ 1982ರಲ್ಲಿ ಅವರು ಸ್ಥಾಪಿಸಿದ ಪ್ಲಮ್ ವಿಲೇಜ್‌ನಲ್ಲಿ ಜನ ವೃತ್ತಾಕಾರವಾಗಿ ಕೂತು, ಗಂಟೆಯ ನಾದ ಕೇಳಿ, ಕೈಯಿಂದ ಕೈಗೆ ಚಹಾ ಬಟ್ಟಲನ್ನೂ ಬಿಸ್ಕತ್ತನ್ನೂ ದಾಟಿಸಿ, ಮೌನದಲ್ಲಿ ಕುಡಿಯುತ್ತಾರೆ. ಆಮೇಲೆ ಇಷ್ಟಬಂದವರು ಹಾಡುತ್ತಾರೆ, ಮಾತಾಡುತ್ತಾರೆ. ಅವರ ಹೆಸರಿನಲ್ಲಿ ಅತಿ ಹೆಚ್ಚು ಓಡಾಡುವ ಮಾತು, ಭೂಮಿ ತಿರುಗುವ ಅಚ್ಚಿಗೆ ಚಹಾವನ್ನು ಹೋಲಿಸುವ ಮಾತು. ಅದು ಬಂದಿರುವುದು ‘ದ ಮಿರಕಲ್ ಆಫ್ ಮೈಂಡ್‌ಫುಲ್‌ನೆಸ್’ ಎಂಬ ಪುಟ್ಟ ಪುಸ್ತಕದಲ್ಲಿ. ಆ ಮಾತನ್ನು ಭಿತ್ತಿಚಿತ್ರಗಳಲ್ಲಿ ಓದಿದವರು ಪುಸ್ತಕವನ್ನೂ ಓದಬೇಕು. ಯಾಕೆಂದರೆ ಅದು ಪುಸ್ತಕವಾಗಲೆಂದು ಬರೆದದ್ದೇ ಅಲ್ಲ. 1974ರಲ್ಲಿ, ತಮ್ಮ ದೇಶಕ್ಕೆ ಮರಳಲಾಗದೆ ಫ್ರಾನ್ಸಿನಲ್ಲಿದ್ದ ಅವರು ವಿಯೆಟ್ನಾಮಿನಲ್ಲಿದ್ದ ತಮ್ಮ ಸಹೋದ್ಯೋಗಿಯೊಬ್ಬರಿಗೆ ಬರೆದ ದೀರ್ಘ ಪತ್ರ ಅದು. 1960ರ ದಶಕದಲ್ಲಿ ಅವರು ಕಟ್ಟಿದ ‘ಸಮಾಜ ಸೇವೆಗಾಗಿ ಯುವಜನರ ಶಾಲೆ’ಯ ಕಾರ್ಯಕರ್ತರು ಬಾಂಬಿಗೆ ಸಿಕ್ಕ ಹಳ್ಳಿಗಳನ್ನು ಮತ್ತೆ ಕಟ್ಟುತ್ತಿದ್ದರು, ನಿರಾಶ್ರಿತರನ್ನು ನೋಡಿಕೊಳ್ಳುತ್ತಿದ್ದರು. ಯುದ್ಧದಲ್ಲಿ ಯಾವ ಪಕ್ಷಕ್ಕೂ ಸೇರಲಿಲ್ಲವಾದ್ದರಿಂದ ಎರಡೂ ಕಡೆಯವರಿಗೆ ಅವರ ಮೇಲೆ ಅನುಮಾನ. ಅವರಲ್ಲಿ ಕೆಲವರನ್ನು ಕೊಂದರು, ಕೆಲವರನ್ನು ಹೊತ್ತೊಯ್ದರು. ಪತ್ರ ಬರೆದದ್ದು ಉಳಿದವರಿಗೆ.

ಈ ವಿಳಾಸವನ್ನು ಮರೆತರೆ ಪುಸ್ತಕದ ಸ್ವರವೇ ತಪ್ಪಾಗಿ ಕೇಳುತ್ತದೆ. ವಾರಕ್ಕೊಂದು ದಿನ ಎಚ್ಚರದ ದಿನವಾಗಿರಲಿ, ಅಂದು ಮನೆಗೆಲಸ, ಸ್ನಾನ, ಚಹಾ, ಓದು ಎಲ್ಲವನ್ನೂ ಪೂರ್ಣ ಲಕ್ಷ್ಯದಿಂದ ಮಾಡಿ ಎಂದು ಅವರು ಹೇಳುವುದು ವಾರದ ಉಳಿದ ಆರು ದಿನ ಸಾವಿನ ನಡುವೆ ಕೆಲಸ ಮಾಡುವವರಿಗೆ. ಅವರಿಗೆ ಚಹಾ ಒಂದು ಸೌಖ್ಯವಾಗಿ ಕಂಡಿರಲಾರದು. ದ್ವೇಷಕ್ಕೋ ಹತಾಶೆಗೋ ಜಾರದೆ ಮರುದಿನ ಅದೇ ಹಳ್ಳಿಗೆ ಮರಳಲು ಬೇಕಾದ ಕಸುವನ್ನು ಉಳಿಸಿಕೊಳ್ಳುವ ದಾರಿ ಅದಾಗಿತ್ತು.

ಈ ಪುಸ್ತಕದಲ್ಲಿ ಚಹಾ ಮುಖ್ಯವಾಗಿ ಬರುವ ಇನ್ನೊಂದು ಜಾಗವಿದೆ. ಅಲ್ಲಿ ಅದು ಧ್ಯಾನದ ವಸ್ತುವಲ್ಲ, ಧ್ಯಾನ ಕೆಡಿಸುವ ವಸ್ತು. ಅಮೆರಿಕದ ಶಾಂತಿ ಕಾರ್ಯಕರ್ತ ಜಿಮ್ ಫಾರೆಸ್ಟ್ ಊಟದ ನಂತರ ಪಾತ್ರೆ ತೊಳೆಯಲು ಹೊರಟಾಗ ನಡೆಯುವ ಮಾತುಕತೆ ಅದು. ಪಾತ್ರೆ ತೊಳೆಯುವಾಗ ಆಮೇಲೆ ಸಿಗುವ ಚಹಾದ ಬಗ್ಗೆಯೇ ಯೋಚಿಸುತ್ತಿದ್ದರೆ ನಾವು ಪಾತ್ರೆಯನ್ನು ತೊಳೆಯುತ್ತಿಲ್ಲ. ಹಾಗೆ ಪಾತ್ರೆ ತೊಳೆಯಲಾಗದವನು ಚಹಾ ಕುಡಿಯುವಾಗಲೂ ಇನ್ನೇನನ್ನೋ ಯೋಚಿಸುತ್ತಿರುತ್ತಾನೆ, ಅವನಿಗೆ ಚಹಾವೂ ಸಿಗುವುದಿಲ್ಲ. ಇದು ಅವರ ವಾದದ ಸಾರ. ಇಲ್ಲಿ ಚಹಾಕ್ಕೆ ಯಾವ ವಿಶೇಷ ಸ್ಥಾನವೂ ಇಲ್ಲ. ಎಂಜಲು ತಟ್ಟೆಗೂ ಬಟ್ಟಲಿಗೂ ಒಂದೇ ಮಾನ. ಇದೇ ಅಧ್ಯಾಪಕರ ಹೆಸರಿನಲ್ಲಿ ವಿಶೇಷ ಬಟ್ಟಲು, ವಿಶೇಷ ಎಲೆ, ವಿಶೇಷ ಮೂಲೆ ಸಿದ್ಧಪಡಿಸಿ ಎಂದು ಹೇಳುವವರು ಪಾತ್ರೆ ತೊಳೆಯುವ ಕೆಲಸವನ್ನು ಯಾರಿಗೆ ಬಿಟ್ಟಿದ್ದಾರೆ ಎಂದು ಕೇಳಬೇಕಾಗುತ್ತದೆ. ನಮ್ಮ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವಲ್ಲ.

ಪುಸ್ತಕದ ಹಿಂಭಾಗದಲ್ಲಿ ಅಭ್ಯಾಸಕ್ಕೆಂದು ಕೊಟ್ಟ ಧ್ಯಾನಗಳಿವೆ. ಮೊದಲಿನವು ಹಗುರ: ಎದ್ದ ಕೂಡಲೇ ಮುಗುಳ್ನಗುವುದು, ಉಸಿರನ್ನು ಎಣಿಸುವುದು, ಚಹಾ ಮಾಡುವುದು. ಮುಂದೆ ಹೋದಂತೆ ನೆಲ ಕುಸಿಯುತ್ತದೆ. ನಿಮ್ಮದೇ ಅಸ್ಥಿಪಂಜರವನ್ನು ಕಾಣಿರಿ. ತೀರಿಹೋದ ಪ್ರೀತಿಪಾತ್ರರನ್ನು ಕಾಣಿರಿ. ನೀವು ಅತ್ಯಂತ ದ್ವೇಷಿಸುವ ವ್ಯಕ್ತಿಯನ್ನು ಮನಸ್ಸಿಗೆ ತಂದುಕೊಂಡು ಅವನ ಸುಖ ದುಃಖ ಎಲ್ಲಿಂದ ಬಂತೆಂದು ನೋಡಿರಿ. ಅಂದರೆ ಚಹಾ ಒಂದು ಮೆಟ್ಟಿಲು; ಒಯ್ಯುವುದು ಕೆಳಗಿನ ಕತ್ತಲೆಯ ಕೋಣೆಗೆ. ಜನಪ್ರಿಯ ಆವೃತ್ತಿಗಳು ಮೊದಲ ಮೆಟ್ಟಿಲಿನಲ್ಲೇ ಕುರ್ಚಿ ಹಾಕಿ ಕೂರಿಸಿವೆ.

ಪುಸ್ತಕದ ಕೊನೆಗೆ ಜಿಮ್ ಫಾರೆಸ್ಟ್ ಬರೆದ ಮಾತುಗಳಲ್ಲಿ ನನ್ನನ್ನು ಹೆಚ್ಚು ಕಾಡಿದ ಘಟನೆ ಇದೆ. 1960ರ ದಶಕದಲ್ಲಿ ಅಮೆರಿಕದ ಸೇಂಟ್ ಲೂಯಿ ನಗರದ ಒಂದು ಚರ್ಚಿನಲ್ಲಿ ಥಿಚ್ ನಾಟ್ ಹಾನ್ ಯುದ್ಧದ ವಿರುದ್ಧ ಮಾತಾಡುತ್ತಿದ್ದಾಗ ಸಭಿಕನೊಬ್ಬ ಎದ್ದು ನಿಂತು, ನಿಮ್ಮ ಜನರ ಮೇಲೆ ಅಷ್ಟು ಕಾಳಜಿಯಿದ್ದರೆ ಇಲ್ಲಿ ಯಾಕಿದ್ದೀರಿ ಎಂದು ಕಟುವಾಗಿ ಹಂಗಿಸಿದ. ಗುರು ಕೆಲಕಾಲ ಮೌನವಾಗಿದ್ದು ಮೆಲುದನಿಯಲ್ಲಿ ಉತ್ತರಿಸಿದರು. ಸಭೆಯ ಗಾಳಿಯೇ ಬದಲಾಯಿತು. ಆಮೇಲೆ ಅವರು ಎದ್ದು ಹೊರಗೆ ಹೋದರು. ಹಿಂಬಾಲಿಸಿದ ಫಾರೆಸ್ಟ್ ಕಂಡದ್ದು ಉಸಿರಿಗಾಗಿ ಒದ್ದಾಡುತ್ತಿದ್ದ ಮನುಷ್ಯನನ್ನು. ಸಿಟ್ಟು ಉಕ್ಕಿಬಂದಿತ್ತು, ಅದನ್ನು ತಡೆಯಲು ಉಸಿರನ್ನು ತೀರಾ ನಿಧಾನವಾಗಿ, ತೀರಾ ಆಳವಾಗಿ ತೆಗೆದುಕೊಂಡಿದ್ದೆ ಎಂದು ಅವರು ವಿವರಿಸಿದರಂತೆ. ಸಿಟ್ಟು ಮಾಡಿಕೊಳ್ಳಲು ನಿಮಗೂ ಹಕ್ಕಿದೆಯಲ್ಲ ಎಂದು ಫಾರೆಸ್ಟ್ ಕೇಳಿದಾಗ, ನಾನು ನನ್ನೊಬ್ಬನಿಗಾಗಿ ಮಾತಾಡುತ್ತಿದ್ದರೆ ಸರಿ, ಇಲ್ಲಿ ನಾನು ವಿಯೆಟ್ನಾಮಿನ ರೈತರ ಪರವಾಗಿ ಬಂದಿದ್ದೇನೆ ಎಂಬ ಅರ್ಥದ ಉತ್ತರ ಬಂತು.

ಇಲ್ಲಿ ನಿಧಾನಕ್ಕೂ ಸಾವಧಾನಕ್ಕೂ ಇರುವ ವ್ಯತ್ಯಾಸ ಬಿಚ್ಚಿಕೊಳ್ಳುತ್ತದೆ. ನಿಧಾನ ಮಾಡಿದ ಉಸಿರು ಅವರಿಗೆ ನೆಮ್ಮದಿ ಕೊಡಲಿಲ್ಲ, ಉಸಿರುಗಟ್ಟಿಸಿತು. ಆ ಉಸಿರು ಕಾಪಾಡಿದ್ದು ಅವರ ನೆಮ್ಮದಿಯನ್ನಲ್ಲ, ಅವರ ಹಿಂದೆ ನಿಂತಿದ್ದ, ಸಭೆಯಲ್ಲಿಲ್ಲದ ಜನರನ್ನು. ಅವಧಾನದ ಕೇಂದ್ರದಲ್ಲಿದ್ದುದು ಉಸಿರಾದರೂ ಅದರ ಆಳದಲ್ಲಿದ್ದುದು ನೆನಪು.

ಈ ‘ನೆನಪು’ ಎಂಬ ಮಾತನ್ನು ನಾನು ಸುಮ್ಮನೆ ತರುತ್ತಿಲ್ಲ. ಇಂಗ್ಲಿಷಿನ ‘ಮೈಂಡ್‌ಫುಲ್‌ನೆಸ್’ ಪಾಲಿಯ ‘ಸತಿ’ಗೆ ಕೊಟ್ಟ ಅನುವಾದ. ಬೌದ್ಧ ಸುತ್ತಗಳನ್ನು 1881ರಲ್ಲಿ ಅನುವಾದಿಸಿದ ರೀಸ್ ಡೇವಿಡ್ಸ್ ಅದನ್ನು ನೆಲೆಗೊಳಿಸಿದರು. ಸತಿ ಎಂದರೆ ಸಂಸ್ಕೃತದ ಸ್ಮೃತಿ. ಕನ್ನಡದಲ್ಲಿ ಸ್ಮೃತಿ ಎಂದರೆ ನೆನಪೇ. ಹಾಗಾಗಿ ನಮಗೆ ಒಂದು ಅನುಕೂಲವಿದೆ: ಇಂಗ್ಲಿಷಿನಲ್ಲಿ ಓದುವವರು ವಿವರಣೆ ಕೇಳಿ ತಿಳಿಯಬೇಕಾದ ನಂಟು ನಮಗೆ ಪದದಲ್ಲೇ ಸಿಗುತ್ತದೆ. ವರ್ತಮಾನದ ಕ್ಷಣದಲ್ಲಿ ಇರುವುದೆಂದರೆ ಹಿಂದಿನದನ್ನು ಅಳಿಸಿಹಾಕುವುದು ಎಂದೇ ಈಗ ಅನೇಕರು ತಿಳಿದಿದ್ದಾರೆ. ಆದರೆ ತಾನು ಏನು ಮಾಡುತ್ತಿದ್ದೇನೆ, ಯಾಕೆ ಮಾಡುತ್ತಿದ್ದೇನೆ, ಯಾರ ನಡುವೆ ಮಾಡುತ್ತಿದ್ದೇನೆ ಎಂಬುದನ್ನು ಮರೆಯದಿರುವುದೂ ಸತಿಯೇ. ಕನ್ನಡದ ‘ನೆನೆ’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥ. ಬಿಸಿನೀರಿನಲ್ಲಿ ಎಲೆ ನೆನೆಯುತ್ತದೆ, ಕುಡಿಯುವವನು ನೆನೆಯುತ್ತಾನೆ. ಚಹಾ ಧ್ಯಾನಕ್ಕೆ ಇದಕ್ಕಿಂತ ಚಿಕ್ಕ ವ್ಯಾಖ್ಯಾನ ನನಗೆ ಸಿಕ್ಕಿಲ್ಲ.

ಈ ಅಳತೆಗೋಲನ್ನು ಹಿಡಿದು ಜಪಾನಿಗೆ ಹೋದರೆ ಸಂಗತಿ ಜಟಿಲವಾಗುತ್ತದೆ. ಒಕಕುರಾ ಕಾಕುಜೊ (1863–1913) ಬಾಸ್ಟನ್ನಿನ ಲಲಿತಕಲೆಗಳ ಮ್ಯೂಸಿಯಮ್ಮಿನಲ್ಲಿ ಕೆಲಸ ಮಾಡುತ್ತಿದ್ದಾಗ 1906ರಲ್ಲಿ ‘ದ ಬುಕ್ ಆಫ್ ಟೀ’ಯನ್ನು ಇಂಗ್ಲಿಷಿನಲ್ಲೇ ಬರೆದ. ಅದಕ್ಕೂ ಮೊದಲು ಕಲ್ಕತ್ತೆಗೆ ಬಂದು ಟಾಗೋರ್ ಮನೆತನದ, ವಿವೇಕಾನಂದ ಮತ್ತು ನಿವೇದಿತಾರ ಒಡನಾಟದಲ್ಲಿದ್ದವನು. ಚಹಾ ವಿಧಿಯ ಹಿಂದಿರುವ ದಾವೊ ಮತ್ತು ಝೆನ್ ಚಿಂತನೆಯನ್ನು, ಚಹಾ ಕೋಣೆಯ ಸರಳತೆಯನ್ನು, ಒಂದು ಹೂವಿನ ಜೋಡಣೆಯನ್ನು ಅವನಷ್ಟು ಚೆನ್ನಾಗಿ ಹೊರಗಿನವರಿಗೆ ವಿವರಿಸಿದವರು ವಿರಳ. ಕೋಣೆಯ ಬಾಗಿಲು ಮೂರಡಿಗಿಂತ ಎತ್ತರವಿಲ್ಲ. ಸಾಮುರಾಯ್ ಆದರೂ ಕತ್ತಿಯನ್ನು ಹೊರಗೆ ಸೂರಿನಡಿ ಇಟ್ಟು ಬಗ್ಗಿ ನುಸುಳಬೇಕು. ಪುಸ್ತಕದಲ್ಲಿ ರಾಜಕೀಯವೂ ಇದೆ. ಜಪಾನ್ ಶಾಂತಿಯ ಕಲೆಗಳಲ್ಲಿ ಮುಳುಗಿದ್ದಾಗ ಅನಾಗರಿಕವೆಂದು ಕರೆದ ಪಶ್ಚಿಮ, ಮಂಚೂರಿಯಾದ ರಣರಂಗದಲ್ಲಿ ಕಗ್ಗೊಲೆ ನಡೆಸಿದ ಮೇಲೆ ನಾಗರಿಕವೆಂದು ಒಪ್ಪಿಕೊಂಡಿತು ಎಂದು ಅವನು ಚುಚ್ಚುತ್ತಾನೆ. ಆ ವ್ಯಂಗ್ಯ ಇಂದಿಗೂ ಹರಿತವಾಗಿದೆ.

ಆದರೆ ಇದೇ ಒಕಕುರಾ 1904ರ ‘ದ ಅವೇಕನಿಂಗ್ ಆಫ್ ಜಪಾನ್’ನಲ್ಲಿ ಕೊರಿಯಾದ ಮೇಲೆ ಜಪಾನಿನ ಹಕ್ಕನ್ನು ಸಮರ್ಥಿಸಿದ್ದ. 1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿಹಾಕಿತು. ಚಹಾ ಪುಸ್ತಕವನ್ನು ಓದುವಾಗ ಇದನ್ನು ಬದಿಗಿಡಲು ನನಗೆ ಸಾಧ್ಯವಾಗುವುದಿಲ್ಲ, ಯಾಕೆಂದರೆ ಚಹಾ ಬಟ್ಟಲಿನ ಕಥೆಯೊಳಗೇ ಕೊರಿಯಾ ಇದೆ. ಒಕಕುರಾನ ಪುಸ್ತಕ ಮುಗಿಯುವುದು ಚಹಾ ಗುರು ಸೆನ್ ನೊ ರಿಕ್ಯುವಿನ ಸಾವಿನೊಂದಿಗೆ. ತನ್ನ ಒಡೆಯ ಹಿದೆಯೋಶಿಯ ಆಜ್ಞೆಯಂತೆ 1591ರಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವ ಮುನ್ನ ರಿಕ್ಯು ಶಿಷ್ಯರಿಗೆ ಕೊನೆಯ ಚಹಾ ಕೊಡುತ್ತಾನೆ, ಪಾತ್ರೆಗಳನ್ನು ಹಂಚುತ್ತಾನೆ, ತಾನು ಕುಡಿದ ಬಟ್ಟಲನ್ನು ಮಾತ್ರ ಒಡೆದುಹಾಕುತ್ತಾನೆ. ಒಕಕುರಾನ ಕೈಯಲ್ಲಿ ಈ ದೃಶ್ಯ ತುಂಬ ಸುಂದರವಾಗಿದೆ. ಇತಿಹಾಸ ಅಲ್ಲಿಗೆ ನಿಲ್ಲುವುದಿಲ್ಲ. ಚಿನ್ನದ ಚಹಾ ಕೋಣೆ ಮಾಡಿಸಿಕೊಂಡಿದ್ದ ಅದೇ ಹಿದೆಯೋಶಿ ಮರುವರ್ಷ, 1592ರಲ್ಲಿ, ಕೊರಿಯಾದ ಮೇಲೆ ದಂಡೆತ್ತಿಹೋದ. ಹಿಂತಿರುಗಿದ ಸೇನಾನಾಯಕರು ಅಲ್ಲಿನ ಕುಂಬಾರರನ್ನು ಹಿಡಿದು ತಂದರು. ಜಪಾನಿನ ಕೆಲವು ಪ್ರಸಿದ್ಧ ಮಣ್ಪಾತ್ರೆ ಮತ್ತು ಪಿಂಗಾಣಿ ಪರಂಪರೆಗಳು ಬೆಳೆದದ್ದು ಆ ಸೆರೆಯಾಳುಗಳ ಕೈಯಲ್ಲಿ. ಆ ಯುದ್ಧಕ್ಕೆ ಕುಂಬಾರಿಕೆಯ ಯುದ್ಧ ಎಂದೇ ಅಡ್ಡಹೆಸರಿದೆ.

ಇನ್ನೊಂದು ಉದಾಹರಣೆ. ಪ್ರತಿ ಭೇಟಿಯೂ ಬದುಕಿನಲ್ಲಿ ಒಮ್ಮೆ ಮಾತ್ರ ಸಂಭವಿಸುವಂಥದ್ದು, ಆದ್ದರಿಂದ ಪೂರ್ಣ ಮನಸ್ಸಿನಿಂದ ಚಹಾ ಕೊಡಬೇಕು ಎಂಬ ‘ಇಚಿಗೊ ಇಚಿಯೆ’ ತತ್ವವನ್ನು ಈಗ ಎಲ್ಲರೂ ಉಲ್ಲೇಖಿಸುತ್ತಾರೆ. ಅದನ್ನು ತನ್ನ ಚಹಾ ಗ್ರಂಥದಲ್ಲಿ ಪ್ರತಿಪಾದಿಸಿ ನೆಲೆಗೊಳಿಸಿದವನು ಐಯಿ ನಾವೊಸುಕೆ. ಅವನು ಶೋಗುನ್ ಸರ್ಕಾರದ ಮುಖ್ಯ ಆಡಳಿತಗಾರ. ವಿರೋಧಿಗಳನ್ನು ಸೆರೆಗೆ ತಳ್ಳಿ, ಕೆಲವರಿಗೆ ಮರಣದಂಡನೆ ಕೊಡಿಸಿದವನು. 1860ರಲ್ಲಿ ಹಿಮ ಬೀಳುತ್ತಿದ್ದ ಒಂದು ಬೆಳಿಗ್ಗೆ ಎದೊ ಕೋಟೆಯ ಬಾಗಿಲ ಬಳಿ ಅವನನ್ನು ಕಡಿದು ಕೊಂದರು. ಅವನ ಚಹಾ ಪ್ರೀತಿ ನಾಟಕವಾಗಿತ್ತೆಂದು ನಾನು ಹೇಳುವುದಿಲ್ಲ. ನಿಜವಾದದ್ದೇ ಆಗಿತ್ತು. ಹಿದೆಯೋಶಿಯದೂ ನಿಜವಾದದ್ದೇ. ಪ್ರಶ್ನೆ ಕಷ್ಟವಾಗುವುದು ಅದಕ್ಕಾಗಿ. ಬಟ್ಟಲಿನ ಬಿರುಕಿನವರೆಗೆ ಹೋಗಬಲ್ಲ ಕಣ್ಣು ಮನುಷ್ಯನವರೆಗೆ ಹೋಗದೆ ನಿಲ್ಲಬಲ್ಲದು. ಲಕ್ಷ್ಯವೊಂದೇ ಯಾರನ್ನೂ ಒಳ್ಳೆಯವರನ್ನಾಗಿ ಮಾಡುವುದಿಲ್ಲ. ಗುರಿಕಾರನಿಗೂ ಲಕ್ಷ್ಯ ಇರುತ್ತದೆ. ಒಕಕುರಾನ ಪುಸ್ತಕದಲ್ಲಿ ಅಪಾರ ಅವಧಾನವಿದೆ. ಅದರ ನೆನಪು ಮಾತ್ರ ತನ್ನ ದೇಶಕ್ಕಾದ ಅವಮಾನದ ಹತ್ತಿರ ಬಂದು ನಿಂತುಬಿಡುತ್ತದೆ.

ಕವಾಬಾತಾನ ‘ಸಾವಿರ ಕೊಕ್ಕರೆಗಳು’ ಇದರ ಇನ್ನೊಂದು ಮಗ್ಗುಲು. ಎರಡನೆಯ ಮಹಾಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಬಿಡಿಬಿಡಿಯಾಗಿ ಪ್ರಕಟವಾದ ಈ ಕಾದಂಬರಿ ಆರಂಭವಾಗುವುದು ಕಾಮಾಕುರದ ಎಂಗಾಕುಜಿ ಎಂಬ ಝೆನ್ ದೇವಾಲಯದ ಚಹಾ ಕೂಟದಲ್ಲಿ. ಸತ್ತ ತಂದೆಯ ಇಬ್ಬರು ಪ್ರೇಯಸಿಯರು ಅಲ್ಲಿದ್ದಾರೆ. ಒಬ್ಬಳು, ಚಿಕಾಕೊ, ಚಹಾ ವಿಧಿಯನ್ನು ಕಲಿಸುತ್ತಾಳೆ, ಜೊತೆಗೆ ಎಲ್ಲರ ಬದುಕಿನಲ್ಲೂ ಕೈಯಾಡಿಸುತ್ತಾಳೆ. ಮಗ ಕಿಕುಜಿಯ ಮುಂದೆ ಬರುವ ಕಪ್ಪು ಬಟ್ಟಲು ಶ್ರೀಮತಿ ಓಟಾಳ ಗಂಡನಿಂದ ಅವಳಿಗೆ, ಅವಳಿಂದ ಕಿಕುಜಿಯ ತಂದೆಗೆ, ಅವನಿಂದ ಚಿಕಾಕೊಗೆ ದಾಟಿ ಬಂದದ್ದು. ಕಿಕುಜಿ ತಂದೆಯ ಪ್ರೇಯಸಿಯಾಗಿದ್ದ ಓಟಾಳ ಜೊತೆ ಮಲಗುತ್ತಾನೆ. ಅವಳು ಆತ್ಮಹತ್ಯೆ ಮಾಡಿಕೊಳ್ಳುತ್ತಾಳೆ. ಅವಳು ದಿನವೂ ಬಳಸುತ್ತಿದ್ದ ಬಿಳಿಯ ಶಿನೊ ಬಟ್ಟಲಿನ ಅಂಚಿನಲ್ಲಿ ತುಟಿಯ ಬಣ್ಣದಂಥ ಕಲೆ ಉಳಿದಿದೆ.

ಯಾವ ಕೈಪಿಡಿಯೂ ಹೇಳದಷ್ಟು ತೀಕ್ಷ್ಣವಾಗಿ ಕವಾಬಾತಾನ ಪಾತ್ರಗಳು ಬಟ್ಟಲನ್ನು ನೋಡುತ್ತವೆ. ಬಣ್ಣ, ತಣ್ಪು, ಅಂಚಿನ ತೆಳುವು ಎಲ್ಲವೂ ಕಾಣುತ್ತದೆ. ಆದರೆ ಆ ನೋಟ ಅವರನ್ನು ಬಿಡಿಸುವುದಿಲ್ಲ, ಇನ್ನಷ್ಟು ಸಿಕ್ಕಿಸುತ್ತದೆ. ಓಟಾಳ ಶಿನೊ ಬಟ್ಟಲನ್ನೂ ಕಿಕುಜಿಯ ತಂದೆಯ ಕರಾತ್ಸು ಬಟ್ಟಲನ್ನೂ ಪಕ್ಕಪಕ್ಕ ಇಟ್ಟಾಗ ಸತ್ತವರಿಬ್ಬರೂ ಅಲ್ಲಿ ಕೂತಂತಾಗುತ್ತದೆ. ಕರಾತ್ಸು ಮಣ್ಣಿನ ಕೆಲಸ ಕೊರಿಯಾದ ಕುಂಬಾರರಿಂದ ಬೆಳೆದ ಪರಂಪರೆ ಎಂಬುದು ಗೊತ್ತಿದ್ದರೆ ಆ ದೃಶ್ಯದಲ್ಲಿ ಇನ್ನೂ ಕೆಲವು ಸತ್ತವರು ಬಂದು ಕೂರುತ್ತಾರೆ. ಕೊನೆಗೆ ಓಟಾಳ ಮಗಳು ಫುಮಿಕೊ ತಾಯಿಯ ಬಟ್ಟಲನ್ನು ತೋಟದ ಕಲ್ಲಿನ ದೋಣಿಗೆ ಬಡಿದು ಒಡೆಯುತ್ತಾಳೆ. ಕಿಕುಜಿ ಚೂರುಗಳನ್ನು ಆರಿಸಿಕೊಳ್ಳುತ್ತಾನೆ.

ಎರಡು ಪುಸ್ತಕಗಳು, ಒಡೆದ ಎರಡು ಬಟ್ಟಲು. ರಿಕ್ಯುವಿನ ಬಟ್ಟಲು ಒಡೆದಾಗ ಒಕಕುರಾ ಗೌರವದಿಂದ ತಲೆಬಾಗಿಸುತ್ತಾನೆ. ಸಾವು ಒಂದು ಪರಿಪೂರ್ಣ ಕೃತಿಯಾಗುತ್ತದೆ. ಕವಾಬಾತಾ ಆ ಪರಿಪೂರ್ಣತೆಯನ್ನು ಒಪ್ಪುವುದಿಲ್ಲ. ಅವನ ಬಟ್ಟಲು ಒಡೆಯುವುದು ಬೇಗುದಿಯಲ್ಲಿ. ಒಡೆದ ಮೇಲೂ ಏನೂ ತೀರುವುದಿಲ್ಲ. ಫುಮಿಕೊ ಬದುಕಿದ್ದಾಳೋ ಇಲ್ಲವೋ ಎಂಬ ಭಯದಲ್ಲೇ ಕಥೆ ನಿಲ್ಲುತ್ತದೆ. 1968ರ ಡಿಸೆಂಬರಿನಲ್ಲಿ ನೊಬೆಲ್ ಭಾಷಣ ಮಾಡಿದ ಕವಾಬಾತಾ, ಈ ಕಾದಂಬರಿಯನ್ನು ಚಹಾ ವಿಧಿಯ ಸೌಂದರ್ಯದ ಚಿತ್ರಣವೆಂದು ಓದುವುದು ತಪ್ಪು ಓದು ಎಂದು ಸ್ಪಷ್ಟವಾಗಿ ಹೇಳಿದ. ಚಹಾ ವಿಧಿ ಬಿದ್ದಿರುವ ಅಗ್ಗದ ಸ್ಥಿತಿಯ ಬಗ್ಗೆ ಸಂಶಯ ಮತ್ತು ಎಚ್ಚರಿಕೆ ಅದು ಎಂಬುದು ಅವನ ನಿಲುವು. ಲೇಖಕನೇ ಹೀಗೆ ಹೇಳಬೇಕಾಗಿ ಬಂತೆಂದರೆ ಆಗಲೇ ಓದುಗರು ಚಹಾ ಎಂದೊಡನೆ ಪ್ರಶಾಂತತೆಯನ್ನು ಹುಡುಕುತ್ತಿದ್ದರು ಎಂದಾಯಿತು.

ಒಕಕುರಾನಲ್ಲಿ ಅವಧಾನವಿದೆ, ನೆನಪು ಗಡಿ ದಾಟುವುದಿಲ್ಲ. ಕವಾಬಾತಾನ ಪಾತ್ರಗಳಲ್ಲಿ ನೆನಪು ತುಂಬಿ ತುಳುಕುತ್ತದೆ, ಅದರೊಳಗೆ ಮುಳುಗಿದವರಿಗೆ ಎಚ್ಚರವಿಲ್ಲ. ಥಿಚ್ ನಾಟ್ ಹಾನ್ ಅವರ ಪತ್ರದಲ್ಲಿ ಎರಡೂ ಒಂದೇ ಬಟ್ಟಲಿಗೆ ಬರುತ್ತವೆ. ಸಾಹಿತ್ಯವಾಗಿ ಅದು ಮೂರರಲ್ಲಿ ಅತಿ ಸರಳವಾದದ್ದು, ಕವಾಬಾತಾನ ಗದ್ಯದ ಮುಂದೆ ಅದು ನಿಲ್ಲುವುದೂ ಇಲ್ಲ. ಆದರೂ ನಾನು ಮತ್ತೆ ಮತ್ತೆ ಮರಳುವುದು ಅದಕ್ಕೇ.

ಅವರ ಮೇಲೂ ಒಂದು ಪ್ರಶ್ನೆಯನ್ನು ಇಡಬೇಕು. ಚಹಾದಲ್ಲಿ ಮೋಡವನ್ನು ಕಾಣಿ ಎಂದು ಅವರು ಹೇಳುತ್ತಿದ್ದರು. ಮೋಡ ಮಳೆಯಾಗಿ, ಮಳೆ ನೀರಾಗಿ, ನೀರು ಚಹಾವಾಗಿ ಬಂದಿದೆಯಲ್ಲ. ಸರಿ, ಎಲೆ ಕಿತ್ತ ಕೈ ಎಲ್ಲಿ? ಕಾಗದದ ಹಾಳೆಯ ಬಗ್ಗೆ ಮಾತಾಡುವಾಗ ಅವರು ಈ ತಪ್ಪು ಮಾಡುವುದಿಲ್ಲ. ಅಲ್ಲಿ ಮೋಡದ ಜೊತೆಗೆ ಮರ ಕಡಿದವನು, ಅವನು ತಿಂದ ರೊಟ್ಟಿಯ ಗೋಧಿ, ಅವನ ತಂದೆ ತಾಯಿ ಎಲ್ಲ ಬರುತ್ತಾರೆ. ಚಹಾದ ವಿಷಯಕ್ಕೆ ಬಂದರೆ ಹೆಚ್ಚಾಗಿ ಮೋಡವೊಂದೇ ಪ್ರಚಾರವಾಯಿತು. ಭಾರತೀಯ ಓದುಗರಿಗೆ ಇಲ್ಲಿ ಒಂದು ಪೂರಕ ಪಠ್ಯ ಬೇಕು. ನನ್ನ ಆಯ್ಕೆ ಮುಲ್ಕ್ ರಾಜ್ ಆನಂದ್ ಅವರ 1937ರ ಕಾದಂಬರಿ ‘ಟೂ ಲೀವ್ಸ್ ಅಂಡ್ ಎ ಬಡ್’. ಎರಡು ಎಲೆ, ಒಂದು ಮೊಗ್ಗು: ಚಹಾ ಕೊಯ್ಯುವ ಅಳತೆಯೇ ಶೀರ್ಷಿಕೆ. ಆಸೆ ತೋರಿಸಿ ಪಂಜಾಬಿನಿಂದ ಅಸ್ಸಾಮಿನ ತೋಟಕ್ಕೆ ಕರೆತಂದ ಗಂಗು ಅಲ್ಲಿ ಹೆಂಡತಿಯನ್ನು ಕಳೆದುಕೊಳ್ಳುತ್ತಾನೆ. ಮಗಳ ಮೇಲೆ ಕಣ್ಣು ಹಾಕಿದ ಬಿಳಿಯ ಅಧಿಕಾರಿಯ ಗುಂಡಿಗೆ ತಾನೂ ಸಾಯುತ್ತಾನೆ. ನ್ಯಾಯಾಲಯ ಆ ಅಧಿಕಾರಿಯನ್ನು ಬಿಡುಗಡೆ ಮಾಡುತ್ತದೆ. ಆನಂದ್ ಅವರ ಕಾದಂಬರಿಯಲ್ಲಿ ಧ್ಯಾನದ ಸುಳಿವಿಲ್ಲ, ಕಲೆಗಾರಿಕೆಯೂ ಅಲ್ಲಲ್ಲಿ ಒರಟು. ಆದರೆ ಎಲೆಯನ್ನು ಪೂರ್ತಿ ನೆನೆಯಬೇಕೆಂದರೆ ಗಂಗುವನ್ನು ಬಿಟ್ಟು ಹೇಗೆ ನೆನೆಯುವುದು?

ಮೈಂಡ್‌ಫುಲ್‌ನೆಸ್ ಎಂಬ ಉದ್ಯಮದ ಮೇಲೆ ಟೀಕೆ ಹೊಸದಲ್ಲ. 1979ರಲ್ಲಿ ಜಾನ್ ಕಬಾತ್-ಜಿನ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ, ನೋವು ಮತ್ತು ಒತ್ತಡದಿಂದ ಬಳಲುವ ರೋಗಿಗಳಿಗಾಗಿ ಈ ಅಭ್ಯಾಸವನ್ನು ಧರ್ಮದ ಚೌಕಟ್ಟಿನಿಂದ ಹೊರತಂದರು. ಅಲ್ಲಿಂದ ಅದು ಕಂಪನಿಗಳಿಗೂ ಸೈನ್ಯಕ್ಕೂ ಹೋಯಿತು. ರೊನಾಲ್ಡ್ ಪರ್ಸರ್ 2019ರ ‘ಮ್ಯಾಕ್‌ಮೈಂಡ್‌ಫುಲ್‌ನೆಸ್’ನಲ್ಲಿ ವಾದಿಸಿದ್ದು, ವ್ಯವಸ್ಥೆ ಹುಟ್ಟಿಸಿದ ಒತ್ತಡವನ್ನು ವ್ಯಕ್ತಿಯ ಮನಸ್ಸಿನ ದೋಷವಾಗಿ ತೋರಿಸಲು ಇದು ಬಳಕೆಯಾಗುತ್ತಿದೆ ಎಂದು. ಒಪ್ಪುತ್ತೇನೆ. ಆದರೆ ಈ ಟೀಕೆಯನ್ನು ಉತ್ಸಾಹದಿಂದ ಓದುವವರು ಕೆಲವೊಮ್ಮೆ ಬಟ್ಟಲನ್ನೇ ಎಸೆದುಬಿಡುತ್ತಾರೆ. ರಾತ್ರಿ ಪಾಳಿ ಮುಗಿಸಿದ ನರ್ಸ್ ಒಬ್ಬರು, ಪರೀಕ್ಷೆಯ ಹಿಂದಿನ ದ��ನ ಕೈ ನಡುಗುತ್ತಿರುವ ವಿದ್ಯಾರ್ಥಿನಿಯೊಬ್ಬಳು ಹತ್ತು ನಿಮಿಷ ಫೋನ್ ಬದಿಗಿಟ್ಟು ಚಹಾ ಕುಡಿದರೆ, ಅವರಿಗೆ ಕೊರಿಯಾದ ಕುಂಬಾರರ ಪಾಠ ಹೇಳುವುದು ಕ್ರೂರವಾದೀತು. ಥಿಚ್ ನಾಟ್ ಹಾನ್ ತಮ್ಮ ಕಾರ್ಯಕರ್ತರಿಗೆ ಹಾಗೆ ಮಾಡಲಿಲ್ಲ. ಮೊದಲು ಉಸಿರಾಡಿ ಎಂದರು. ದಣಿದವರಿಗೆ ನಿಧಾನವೂ ಒಂದು ಔಷಧವೇ. ಅಷ್ಟಕ್ಕೇ ಸಾವಧಾನ ಎಂದು ಹೆಸರಿಟ್ಟಾಗ ಮಾತ್ರ ತಕರಾರು.

ವಿದ್ಯಾರ್ಥಿ ಓದುಗರಿಗೆ ನನ್ನ ಸಲಹೆ ಸರಳ. ‘ದ ಮಿರಕಲ್ ಆಫ್ ಮೈಂಡ್‌ಫುಲ್‌ನೆಸ್’ ನೂರೈವತ್ತು ಪುಟಗಳ ಆಸುಪಾಸಿನ ಪುಸ್ತಕ, ಒಂದು ಭಾನುವಾರ ಸಾಕು. ಚಹಾದ ಪುಟವನ್ನು ಆಮೇಲೆ ಓದಬಹುದು. ಮೊದಲು ಹಿಂಭಾಗದ ಧ್ಯಾನಗಳನ್ನೂ ಜಿಮ್ ಫಾರೆಸ್ಟ್ ಬರೆದ ಮಾತುಗಳನ್ನೂ ಓದಿ, ಪತ್ರ ಯಾರಿಗೆ ಬರೆದದ್ದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೆ ಮೊದಲಿಗೆ ಬನ್ನಿ. ಆಗ ಆ ಪ್ರಸಿದ್ಧ ಮಾತು ಭಿತ್ತಿಚಿತ್ರದಲ್ಲಿದ್ದ ಹಾಗೆ ಕೇಳುವುದಿಲ್ಲ. ಓದಿ ಮುಗಿಸಿದ ಮೇಲೆ ಚಹಾ ಮಾಡಿಕೊಳ್ಳಿ. ಕುಡಿದ ಲೋಟವನ್ನು ನೀವೇ ತೊಳೆಯಿರಿ.